ಹಳ್ಳವನ್ನು ನೆಟ್ಟಗೆ ಮಾಡುವ ಮುನ್ನ

ಮಳೆಗಾಲ ಮುಗಿದು, ಹಿಂಗಾರಿ ಬಿತ್ತನೆಯ ಗಡಿಬಿಡಿ ಇಳಿದ ಮೇಲೆ ನಮ್ಮ ಹಳ್ಳಿಗಳ ಕಟ್ಟೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಹಳ್ಳದಾಗ ಹೂಳು ತುಂಬೇತಿ. ಯಂತ್ರ ತರಿಸಿ ತಗಸಬೇಕು, ಸೊಟ್ಟ ಇದ್ದಲ್ಲಿ ನೆಟ್ಟಗ ಮಾಡಿಸಬೇಕು." ಪಂಚಾಯಿತಿ ಸದಸ್ಯರು ತಲೆದೂಗುತ್ತಾರೆ. ಅರ್ಜಿ ಸಿದ್ಧವಾಗುತ್ತದೆ. ಹಣ ಬಂದ ವರ್ಷ ಯಂತ್ರವೂ ಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಳ್ಳ ಮತ್ತೆ ಮೊದಲಿನಂತೆ ತುಂಬಿರುತ್ತದೆ. ಅರ್ಜಿಯೂ ಮತ್ತೆ ಸಿದ್ಧವಾಗುತ್ತದೆ.

ರೈತರ ಈ ಬೇಡಿಕೆ ನ್ಯಾಯವಾದದ್ದೇ. ಹೊಲದಲ್ಲಿ ವಾರಗಟ್ಟಲೆ ನೀರು ನಿಂತು ತೊಗರಿ ಕೊಳೆತವನ ಸಂಕಟ ದಂಡೆಯ ಮೇಲೆ ನಿಂತು ನೋಡುವವನಿಗೆ ತಿಳಿಯುವುದಿಲ್ಲ. ಆದರೆ ಹೂಳು ತೆಗೆಸಿದ ಹಳ್ಳ ಏಕೆ ಮತ್ತೆ ತುಂಬಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಮೇಲಿನಿಂದ ಮಣ್ಣು ಬಂತು, ತುಂಬಿತು ಎಂದು ಸುಮ್ಮನಾಗುತ್ತೇವೆ. ಅದು ಅರ್ಧ ಉತ್ತರ ಮಾತ್ರ. ಬಂದ ಮಣ್ಣು ಮುಂದಕ್ಕೆ ಹೋಗುವುದೋ, ಅಲ್ಲೇ ಕೂರುವುದೋ ಎಂಬುದನ್ನು ನಿರ್ಧರಿಸುವುದು ಹಳ್ಳದ ಆಕಾರ: ಅದರ ಅಗಲ, ಆಳ, ಇಳಿಜಾರು ಮತ್ತು ತಿರುವು. ಈ ಆಕಾರವನ್ನು ತಿಳಿಯದೆ ಅಗೆಯುವುದೆಂದರೆ ರೋಗ ತಿಳಿಯದೆ ಔಷಧ ಕೊಟ್ಟಂತೆ. ಹಳ್ಳದ ಕೆಲಸಕ್ಕೆ ಹಣ ಕೇಳುವ ಮೊದಲು ನಾವು ಆಕಾರದ ಮಾತನ್ನು ಆಡಬೇಕು ಎಂಬುದೇ ಈ ಲೇಖನದ ತಾತ್ಪರ್ಯ.

ಡೋಣಿಯ ಕಥೆ

ವಿಜಯಪುರ ಜಿಲ್ಲೆಯ ಡೋಣಿ ನದಿಯನ್ನು ಅರಿಯದ ಎರೆಭೂಮಿಯ ರೈತನಿಲ್ಲ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ಎರೆಭೂಮಿಯನ್ನು ಹಾಯ್ದು, ತಾಳಿಕೋಟೆಯ ಸೀಮೆಯನ್ನು ದಾಟಿ ಅದು ಕೃಷ್ಣೆಯನ್ನು ಸೇರುತ್ತದೆ. "ಡೋಣಿ ಹರಿದರೆ ಓಣೆಲ್ಲ ಕಾಳು" ಎಂಬ ಮಾತು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಆ ಕಣಿವೆಯ ಬಿಳಿಜೋಳದ ರುಚಿಗೆ ಹೆಸರು ಬಂದದ್ದು ನದಿ ತಂದು ಹರಡಿದ ಮೆಕ್ಕಲು ಮಣ್ಣಿನಿಂದ. ಅಂದರೆ ಡೋಣಿ ಮಣ್ಣು ತರುವುದು ಹೊಸದಲ್ಲ. ಅದು ತಂದ ಮಣ್ಣನ್ನೇ ನಾವು ಉಣ್ಣುತ್ತ ಬಂದಿದ್ದೇವೆ.

ಇಂದು ಅದೇ ಡೋಣಿ ತನ್ನ ದಂಡೆಯ ರೈತರಿಗೆ ಭಯ ತರುವ ನದಿಯಾಗಿದೆ. ಪಾತ್ರದಲ್ಲಿ ಹೂಳು ತುಂಬಿ ತಳ ಮೇಲೆದ್ದಿದೆ. ಬಳ್ಳಾರಿ ಜಾಲಿಯ ಪೊದೆಗಳು ಪಾತ್ರದ ನಡುವೆಯೇ ಬೇರೂರಿವೆ. ಒಂದು ಜೋರು ಮಳೆಗೆ ನೀರು ದಂಡೆ ಮೀರಿ ಹೊಲಗಳಿಗೆ ಹರಡುತ್ತದೆ. ತಗ್ಗಿನ ಸೇತುವೆಗಳು ಮುಳುಗಿ ಊರೂರ ಸಂಪರ್ಕ ಕಡಿದುಹೋಗುತ್ತದೆ. ಮೊದಲೇ ಉಪ್ಪುನೀರಿನ ನದಿ. ಆ ನೀರು ಹೊಲದಲ್ಲಿ ನಿಂತು ಇಂಗಿದರೆ ಸವಳು ಹೆಚ್ಚುವುದು ಬೇರೆ. ಇದಕ್ಕೆಲ್ಲ ಪರಿಹಾರವಾಗಿ ಕೇಳಿಬರುವುದು ಹೂಳೆತ್ತುವ ಮಾತೊಂದೇ. ಹೂಳೆತ್ತಬೇಕು, ಸರಿ. ಆದರೆ ಯಾವ ಆಕಾರಕ್ಕೆ ತರಲು ಎತ್ತಬೇಕು?

ನೀರು ಮಣ್ಣನ್ನು ಹೊರುವ ಬಗೆ

ನೀರು ಮಣ್ಣನ್ನು ಎರಡು ಬಗೆಯಲ್ಲಿ ಹೊರುತ್ತದೆ. ಸಣ್ಣ ಜೇಡಿ ಕಣಗಳನ್ನು ತನ್ನೊಳಗೆ ಕದಡಿಕೊಂಡು ತೇಲಿಸುತ್ತ ಒಯ್ಯುತ್ತದೆ. ಕೆಂಪು ನೀರು, ಕಪ್ಪು ನೀರು ಎಂದು ನಾವು ಹೇಳುವುದು ಇದನ್ನೇ. ದಪ್ಪ ಉಸುಕು, ಗರಸು, ಕಲ್ಲುಗಳನ್ನು ತಳದ ಮೇಲೆ ಉರುಳಿಸುತ್ತ, ಜಿಗಿಸುತ್ತ ದಬ್ಬಿಕೊಂಡು ಹೋಗುತ್ತದೆ. ಇದು ಮೇಲಿನಿಂದ ಕಾಣುವುದಿಲ್ಲ. ಪ್ರವಾಹದ ಹೊತ್ತು ದಂಡೆಯ ಮೇಲೆ ಕಿವಿಗೊಟ್ಟರೆ ಕೆಲವೆಡೆ ಕಲ್ಲು ಕಲ್ಲಿಗೆ ತಾಗುವ ಸದ್ದು ಕೇಳಿಸುತ್ತದೆ.

ನಿಂತ ನೀರಿನಲ್ಲಿ ಸಣ್ಣ ಉಸುಕಿನ ಕಣವೊಂದು ಒಂದು ಮೀಟರು ಕೆಳಗಿಳಿಯಲು ಸುಮಾರು ಎರಡು ನಿಮಿಷ ಸಾಕು. ರೇವೆಯ ಕಣಕ್ಕೆ ಸುಮಾರು ಮುಕ್ಕಾಲು ಗಂಟೆ ಬೇಕು. ನುಣ್ಣನೆಯ ಜೇಡಿ ಕಣ ಅಷ್ಟೇ ಆಳ ಇಳಿಯಲು ಸುಮಾರು ಮೂರು ದಿನ ಹಿಡಿಯುತ್ತದೆ. ಆದ್ದರಿಂದ ನೀರಿನ ಓಟ ಕುಗ್ಗಿದೊಡನೆ ಮೊದಲು ಕೂರುವುದು ಉಸುಕು, ಆಮೇಲೆ ರೇವೆ, ಕೊನೆಗೆ ಜೇಡಿ. ಎರೆಮಣ್ಣಿನಲ್ಲಿ ಇನ್ನೂ ಎರಡು ಸಂಗತಿಗಳಿವೆ. ಎರೆಮಣ್ಣು ಎಲ್ಲವೂ ಬಿಡಿ ಕಣಗಳಾಗಿ ಬರುವುದಿಲ್ಲ; ಸಣ್ಣ ಹರಳುಗಳಾಗಿ ಉಸುಕಿನಂತೆ ಉರುಳಿ ಬರುವುದೂ ಉಂಟು. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ, ಬಿಡಿ ಕಣಗಳಿಗಿಂತ ಬೇಗ ತಳ ಸೇರುತ್ತವೆ.

ಇನ್ನೊಂದು ಗಮನಿಸಬೇಕಾದ ವಿಷಯವಿದೆ. ಒಮ್ಮೆ ಕುಳಿತು ಗಟ್ಟಿಯಾದ ಜೇಡಿಯನ್ನು ಮತ್ತೆ ಎಬ್ಬಿಸಲು, ಸಣ್ಣ ಉಸುಕನ್ನು ಎಬ್ಬಿಸುವುದಕ್ಕಿಂತ ಹೆಚ್ಚು ವೇಗದ ನೀರು ಬೇಕು. ಜೇಡಿಯ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವುದೇ ಇದಕ್ಕೆ ಕಾರಣ. ಸ್ವೀಡನ್ ದೇಶದ ವಿಜ್ಞಾನಿ ಯುಲ್‌ಸ್ಟ್ರೋಮ್ 1935ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಆದ್ದರಿಂದ ಎರೆಹಳ್ಳದಲ್ಲಿ ಹೂಳು ಕುಳಿತ ಮೇಲೆ ಮುಂದಿನ ಪ್ರವಾಹ ಅದನ್ನು ತೊಳೆದೊಯ್ಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಕೂರದಂತೆ ನೋಡಿಕೊಳ್ಳುವುದೇ ಮೇಲು.

ಅಗಲ ಮತ್ತು ಆಳದ ಲೆಕ್ಕ

ಎರಡು ಕಾಲುವೆಗಳನ್ನು ಊಹಿಸಿಕೊಳ್ಳಿ. ಒಂದು 12 ಮೀಟರು ಅಗಲ, ಅದರಲ್ಲಿ ನೀರು 1 ಮೀಟರು ಆಳ. ಇನ್ನೊಂದು 4 ಮೀಟರು ಅಗಲ, ನೀರು 3 ಮೀಟರು ಆಳ. ಎರಡರಲ್ಲೂ ನೀರಿನ ಅಡ್ಡಕೊಯ್ತ 12 ಚದರ ಮೀಟರು. ಇಳಿಜಾರೂ ಒಂದೇ ಎನ್ನೋಣ. ಆದರೆ ಮೊದಲನೆಯದರಲ್ಲಿ ನೀರು ತಳಕ್ಕೂ ಎರಡು ಬದಿಗೂ ಸೇರಿ 14 ಮೀಟರು ಉದ್ದಕ್ಕೆ ಉಜ್ಜಿಕೊಂಡು ಹೋಗಬೇಕು. ಎರಡನೆಯದರಲ್ಲಿ 10 ಮೀಟರು ಮಾತ್ರ. ಉಜ್ಜಾಟ ಹೆಚ್ಚಾದಲ್ಲಿ ನೀರಿನ ಕಸುವು ಹಂಚಿಹೋಗುತ್ತದೆ. ಲೆಕ್ಕ ಹಾಕಿದರೆ, ಆಳವಾದ ಕಾಲುವೆಯಲ್ಲಿ ನೀರು ತಳವನ್ನೂ ಬದಿಯನ್ನೂ ಎಳೆಯುವ ಸೆಳೆತ ಅಗಲವಾದದ್ದಕ್ಕಿಂತ ಸರಾಸರಿ ಶೇಕಡಾ 40ರಷ್ಟು ಹೆಚ್ಚು. ವೇಗ ಸುಮಾರು ಶೇಕಡಾ 25ರಷ್ಟು ಹೆಚ್ಚು.

ವೇಗದಲ್ಲಿ ಶೇಕಡಾ 25 ಎಂದರೆ ಅಲ್ಪವೆನಿಸಬಹುದು. ಆದರೆ ನೀರಿನ ವೇಗ ಎರಡು ಪಟ್ಟಾದರೆ ಅದು ಹೊರುವ ಮಣ್ಣು ಎರಡು ಪಟ್ಟಾಗಿ ನಿಲ್ಲುವುದಿಲ್ಲ; ಎಂಟು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆಗುತ್ತದೆ. ವೇಗ ಅರ್ಧಕ್ಕಿಳಿದರೆ ಹೊರುವ ಶಕ್ತಿಯೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಹಾಗಾಗಿ ಹಳ್ಳದ ಆಕಾರದಲ್ಲಿ ನಾವು ಮಾಡುವ ಸಣ್ಣ ಬದಲಾವಣೆಯೂ ಮಣ್ಣಿನ ಸಾಗಣೆಯಲ್ಲಿ ದೊಡ್ಡದಾಗಿ ಕಾಣುತ್ತದೆ.

ನಮ್ಮ ಹೊಲದ ಪಕ್ಕದ ಸಿಡಿಗಟ್ಟೆಯನ್ನು ನೋಡಿದರೂ ಇದು ತಿಳಿಯುತ್ತದೆ. ಕಟ್ಟೆಯ ಕಿಂಡಿ ಕಿರಿದಾಗಿದ್ದರೆ ಪ್ರವಾಹದ ನೀರು ಮೇಲ್ಗಡೆ ತಡೆದು ನಿಲ್ಲುತ್ತದೆ. ಅಲ್ಲಿ ರೇವೆ ಕೂರುತ್ತದೆ. ಕಿಂಡಿಯಿಂದ ನುಗ್ಗಿದ ನೀರು ಕೆಳಗಡೆ ಗುಂಡಿ ಕೊರೆಯುತ್ತದೆ. ಒಂದೇ ಹಳ್ಳ, ಒಂದೇ ನೀರು. ಆಕಾರ ಬದಲಾದಲ್ಲಿ ಒಂದೆಡೆ ಹೂಳು, ಇನ್ನೊಂದೆಡೆ ಕೊರೆತ.

ಹಳ್ಳ ತನ್ನ ಅಗಲವನ್ನು ತಾನೇ ಆರಿಸಿಕೊಳ್ಳುತ್ತದೆ

ಈ ವಿಷಯವನ್ನು ಜಗತ್ತಿಗೆ ಕಲಿಸಿದ್ದು ನಮ್ಮ ದೇಶದ ಕಾಲುವೆಗಳೇ ಎಂಬುದು ಅನೇಕರಿಗೆ ತಿಳಿದಿಲ್ಲ. ಪಂಜಾಬಿನ ಅಪ್ಪರ್ ಬಾರಿ ದೋಆಬ್ ಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಕೆನಡಿ, ಹೂಳೂ ತುಂಬದೆ ಕೊರೆತವೂ ಆಗದೆ ವರ್ಷಾನುಗಟ್ಟಲೆ ಒಂದೇ ಸ್ಥಿತಿಯಲ್ಲಿದ್ದ ಭಾಗಗಳನ್ನು ಅಳೆದು ನೋಡಿದರು. ಆಳಕ್ಕೆ ತಕ್ಕ ಒಂದು ವೇಗವಿದ್ದರೆ ಕಾಲುವೆ ಸ್ಥಿರವಾಗಿರುತ್ತದೆ ಎಂದು 1895ರಲ್ಲಿ ಪ್ರಕಟಿಸಿದರು. ಅವರ ಸೂತ್ರದ ಪ್ರಕಾರ 1 ಮೀಟರು ಆಳದ ನೀರು ಸೆಕೆಂಡಿಗೆ 0.55 ಮೀಟರು ಓಡಬೇಕು; ಅಂದರೆ 20 ಮೀಟರು ದೂರವನ್ನು ಸುಮಾರು 36 ಸೆಕೆಂಡಿನಲ್ಲಿ ದಾಟಬೇಕು. ನೀರು 2 ಮೀಟರು ಆಳವಾದರೆ ಬೇಕಾದ ವೇಗ ಸುಮಾರು 0.86 ಮೀಟರು. ಅದಕ್ಕಿಂತ ನಿಧಾನವಾದರೆ ಹೂಳು, ಜೋರಾದರೆ ಕೊರೆತ.

ಅನಂತರ 1930ರಲ್ಲಿ ಲೇಸಿ ಎಂಬ ಇಂಜಿನಿಯರ್ ಇನ್ನೂ ಮುಂದಕ್ಕೆ ಹೋದರು. ತಾನೇ ತಂದ ಮಣ್ಣಿನಲ್ಲಿ ಹರಿಯುವ ಕಾಲುವೆ ತನ್ನ ನೀರಿನ ಪ್ರಮಾಣಕ್ಕೆ ತಕ್ಕ ಅಗಲವನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ತೋರಿಸಿದರು. ಅವರ ಲೆಕ್ಕ ಸರಳ. ಸೆಕೆಂಡಿಗೆ ಎಷ್ಟು ಘನಮೀಟರು ನೀರು ಹರಿಯುತ್ತದೋ ಅದರ ವರ್ಗಮೂಲವನ್ನು 4.75ರಿಂದ ಗುಣಿಸಿದರೆ, ನೀರು ತಳಕ್ಕೂ ಬದಿಗಳಿಗೂ ತಾಗುವ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಅಗಲವಾದ ಹಳ್ಳದಲ್ಲಿ ಇದು ಹೆಚ್ಚುಕಡಿಮೆ ಹಳ್ಳದ ಅಗಲವೇ. ಈ ಸೂತ್ರಗಳು ಪಂಜಾಬಿನಂಥ ಮೆಕ್ಕಲು ಭೂಮಿಯ ಕಾಲುವೆಗಳಿಂದ ಬಂದವು. ನಮ್ಮ ಹಳ್ಳಗಳಿಗೆ ಅಂಗುಲ ಅಂಗುಲ ಹೊಂದಲಾರವು. ಆದರೆ ಅವು ತೋರಿಸುವ ದಿಕ್ಕು ಎಲ್ಲೆಡೆ ಒಂದೇ.

ಈಗ ನಮ್ಮ ಹಳ್ಳಕ್ಕೆ ಬರೋಣ. ಸಾಧಾರಣ ಮಳೆಗೆ ಸೆಕೆಂಡಿಗೆ 4 ಘನಮೀಟರು ನೀರು ಬರುತ್ತದೆ ಎಂದುಕೊಳ್ಳಿ. ಲೇಸಿಯವರ ಲೆಕ್ಕದಲ್ಲಿ ಅದಕ್ಕೆ ಬೇಕಾದ ಅಗಲ 9.5 ಮೀಟರು. ಅಪರೂಪಕ್ಕೊಮ್ಮೆ 100 ಘನಮೀಟರಿನ ಪ್ರವಾಹ ಬಂದರೆ ಬೇಕಾದ ಅಗಲ 47.5 ಮೀಟರು. ನಾವು ಯಂತ್ರ ತರಿಸಿ, ದೊಡ್ಡ ಪ್ರವಾಹವೂ ಹಿಡಿಸಲಿ ಎಂದು ತಳವನ್ನು ಸಪಾಟಾಗಿ 40 ಮೀಟರು ಅಗಲಕ್ಕೆ ತೋಡಿಸುತ್ತೇವೆ. ದೊಡ್ಡ ಪ್ರವಾಹ ಬರುವುದು ಎಷ್ಟೋ ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಸಣ್ಣ ನೀರು ಆ ಸಪಾಟು ತಳದ ಮೇಲೆ ಹಿಮ್ಮಡಿ ಮುಳುಗುವಷ್ಟು ತೆಳ್ಳಗೆ ಹರಡಿಕೊಂಡು, ಓಟ ಕಳೆದುಕೊಂಡು, ಹೊತ್ತ ಮಣ್ಣನ್ನೆಲ್ಲ ಅಲ್ಲೇ ಇಳಿಸುತ್ತದೆ. ಹಸಿ ರೇವೆಯ ಮೇಲೆ ಜಾಲಿಯ ಬೀಜ ಮೊಳೆಯುತ್ತದೆ, ಆಪು ಬೆಳೆಯುತ್ತದೆ. ಮುಂದಿನ ಮಳೆಯ ನೀರು ಆ ಬುಡಗಳಿಗೆ ತಡೆದು ಇನ್ನಷ್ಟು ಮಣ್ಣು ಬಿಡುತ್ತದೆ. ಹೂಳೆತ್ತಿದ ಹಳ್ಳ ಎರಡು ಮೂರು ವರ್ಷದಲ್ಲಿ ತುಂಬುವ ಗುಟ್ಟು ಇದೇ. ಗುತ್ತಿಗೆದಾರನ ಕೆಲಸ ಕೆಟ್ಟದ್ದೆಂದು ನಾವು ಬೈಯುತ್ತೇವೆ. ಎಷ್ಟೋ ವೇಳೆ ಕೆಲಸ ಕೆಟ್ಟದ್ದಲ್ಲ, ನಾವು ಕೇಳಿದ ಆಕಾರವೇ ತಪ್ಪು.

ತಿರುವು ಹಳ್ಳದ ದೋಷವಲ್ಲ

ಅಗಲದ ಮಾತು ಹೀಗಾದರೆ ತಿರುವಿನದು ಇನ್ನೊಂದು. ತಿರುವಿನಲ್ಲಿ ಮೇಲ್ಮೈ ನೀರು ಹೊರದಂಡೆಗೆ ನುಗ್ಗುತ್ತದೆ. ತಳದ ನೀರು ಉಸುಕನ್ನು ಹೊತ್ತು ಒಳದಂಡೆಯ ಕಡೆ ಸರಿಯುತ್ತದೆ. ಹಗ್ಗ ಹೊಸೆದಂತೆ ನೀರು ಸುರುಳಿಯಾಗಿ ಸಾಗುತ್ತದೆ. ಆದ್ದರಿಂದ ಹೊರದಂಡೆ ಕೊರೆದು ಮಡುವಾಗುತ್ತದೆ. ಒಳದಂಡೆಯಲ್ಲಿ ಉಸುಕಿನ ದಿಬ್ಬ ಬೆಳೆಯುತ್ತದೆ. ಹೊಳೆಯಿಂದ ನೀರೆತ್ತುವ ಪಂಪನ್ನು ಹೊರದಂಡೆಯ ಕಡೆ ಇಟ್ಟರೆ ಉಸುಕಿನ ಕಾಟ ಕಡಿಮೆ ಎಂಬುದು ಅನುಭವಸ್ಥರಿಗೆ ಗೊತ್ತು. ಅದರ ಕಾರಣ ಇದು.

ತಿರುವು ಇರುವುದರಿಂದ ಹಳ್ಳದ ಉದ್ದ ಹೆಚ್ಚುತ್ತದೆ, ಇಳಿಜಾರು ಕಡಿಮೆಯಾಗುತ್ತದೆ. ಎರಡು ಊರುಗಳ ನಡುವೆ ಹಳ್ಳ 3 ಮೀಟರು ಕೆಳಗಿಳಿಯುತ್ತದೆ ಎನ್ನಿ. ಬಳುಕುತ್ತ ಹೋದರೆ ಅದರ ಉದ್ದ 3 ಕಿಲೋಮೀಟರು. ಇಳಿಜಾರು ಸಾವಿರಕ್ಕೆ ಒಂದು. ನೆಟ್ಟಗೆ ಮಾಡಿದರೆ ಉದ್ದ 2 ಕಿಲೋಮೀಟರು. ಇಳಿಜಾರು ಸಾವಿರಕ್ಕೆ ಒಂದೂವರೆ. ನೀರು ಅಷ್ಟೇ, ಆಳವೂ ಅಷ್ಟೇ ಎಂದಿಟ್ಟುಕೊಂಡರೂ ತಳದ ಸೆಳೆತ ಒಂದೂವರೆ ಪಟ್ಟಾಯಿತು.

ಅಮೇರಿಕದ ಇಂಜಿನಿಯರ್ ಲೇನ್ 1955ರಲ್ಲಿ ಇದನ್ನು ತಕ್ಕಡಿಯ ಹೋಲಿಕೆಗೆ ಒಗ್ಗುವಂತೆ ಹೇಳಿದರು. ಒಂದು ತಟ್ಟೆಯಲ್ಲಿ ಹೊಳೆ ಹೊರುವ ಮಣ್ಣಿನ ಪ್ರಮಾಣ ಮತ್ತು ಕಣಗಳ ದಪ್ಪ. ಇನ್ನೊಂದರಲ್ಲಿ ನೀರಿನ ಪ್ರಮಾಣ ಮತ್ತು ಇಳಿಜಾರು. ಇಳಿಜಾರು ಹೆಚ್ಚಿಸಿದರೆ ತಕ್ಕಡಿ ಆ ಕಡೆ ವಾಲುತ್ತದೆ. ಮತ್ತೆ ಸಮವಾಗಲು ಹೊಳೆ ಎಲ್ಲಿಂದಲಾದರೂ ಮಣ್ಣು ತಂದು ಈ ಕಡೆಯ ತಟ್ಟೆಗೆ ಹಾಕಲೇಬೇಕು. ಅದು ತರುವುದು ಮೇಲ್ಗಡೆಯ ರೈತನ ದಂಡೆಯಿಂದ. ಇಳಿಸುವುದು ಇಳಿಜಾರು ತಗ್ಗಿದ ಕೆಳಗಡೆಯ ರೈತನ ಹೊಲದ ಬಳಿ.

ನಮ್ಮ ಮನೆಯ ತಪ್ಪು

ಈ ಮಾತನ್ನು ನಾನು ಪುಸ್ತಕದಿಂದ ಮೊದಲು ಕಲಿತವನಲ್ಲ. ನಾನು ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಕಾಲ. ನಮ್ಮ ಹೊಲವನ್ನು ಬಳಸಿಕೊಂಡು ಹಳ್ಳ ದೊಡ್ಡದೊಂದು ತಿರುವು ತೆಗೆದುಕೊಳ್ಳುತ್ತಿತ್ತು. ಹೊರದಂಡೆ ನಮ್ಮದು, ಪ್ರತಿ ಮಳೆಗಾಲ ಎರಡು ಮೂರು ಮೊಳ ಹೊಲ ನೀರಿಗೆ ಹೋಗುತ್ತಿತ್ತು. ಅಪ್ಪ ಸಾಲ ಮಾಡಿ ಯಂತ್ರ ತರಿಸಿ ತಿರುವಿನ ಕುತ್ತಿಗೆಯನ್ನು ಕಡಿಸಿ ಹಳ್ಳವನ್ನು ನೆಟ್ಟಗೆ ಮಾಡಿಸಿದರು. ಕಾಲೇಜಿನ ಹುಡುಗನೆಂದು ನನ್ನ ಅಭಿಪ್ರಾಯ ಕೇಳಿದರು. "ಮಾಡಿಸ್ರಿ, ನೀರು ಲಗೂನ ಹೋಗತೈತಿ" ಎಂದೆ. ನೀರು ಬೇಗ ಹೋಯಿತು, ಸುಳ್ಳಲ್ಲ. ಮೊದಲ ವರ್ಷ ನಮಗೆಲ್ಲ ಸಂತೋಷ.

ಎರಡನೆಯ ಮಳೆಗಾಲದಲ್ಲಿ ನಾವು ಕಡಿದ ಜಾಗದಿಂದ ಮೇಲಕ್ಕೆ ಹಳ್ಳದ ತಳ ಮೆಟ್ಟಿಲು ಮೆಟ್ಟಿಲಾಗಿ ಕುಸಿಯತೊಡಗಿತು. ತಳ ಇಳಿದಂತೆ ದಂಡೆಯ ಕಾಲು ಸಡಿಲಾಯಿತು. ಮೇಲ್ಗಡೆ ನಮ್ಮ ಕಾಕಾ ಅವರ ಹೊಲ. ಅವರ ದಂಡೆಯ ಮೇಲೆ ಬನ್ನಿಮರವೊಂದಿತ್ತು. ದಸರೆಗೆ ಊರವರು ಅಲ್ಲಿಗೇ ಬರುತ್ತಿದ್ದರು. ಮೂರನೆಯ ವರ್ಷದ ಪ್ರವಾಹಕ್ಕೆ ಆ ಮರ ದಂಡೆಸಮೇತ ಬಿತ್ತು. ಅದರ ಜೊತೆಗೆ ಅರ್ಧ ಎಕರೆ ಹೊಲವೂ ಹೋಯಿತು. ಕೆಳಗಡೆಯ ಹೊಲದವರ ಕಡಲೆಯ ಮೇಲೆ ಮೊಣಕಾಲುದ್ದ ಉಸುಕು ಬಿತ್ತು. ಕಾಕಾ ಜಗಳ ಆಡಲಿಲ್ಲ. ಬಿದ್ದ ಮರದ ಬಳಿ ನಿಂತು ನನ್ನನ್ನು ಕರೆದು, "ತಮ್ಮಾ, ನೀವು ಹಳ್ಳಾ ನೆಟ್ಟಗ ಮಾಡಿದ್ರಿ. ಅದು ತನ್ನ ಸೊಟ್ಟ ನನ್ನ ಹೊಲದಾಗ ಹುಡುಕ್ಕೊಂತು" ಎಂದರು. ಮುಂದೆ ನಾನು ಓದಿದ ಯಾವ ಸೂತ್ರವೂ ಈ ಮಾತಿಗಿಂತ ಹೆಚ್ಚಿನದನ್ನು ಹೇಳಲಿಲ್ಲ. ಕಾಕಾ ಅವರ ಹೊಲವನ್ನು ನಾವು ತುಂಬಿಕೊಡಲಾಗಲಿಲ್ಲ.

ಇದು ಬಡವರ ಊರಿನ ತಪ್ಪು ಮಾತ್ರವಲ್ಲ. ಅಮೇರಿಕದ ಫ್ಲಾರಿಡಾ ರಾಜ್ಯದಲ್ಲಿ ಕಿಸಿಮ್ಮಿ ಎಂಬ ನದಿ ಇದೆ. ಪ್ರವಾಹ ತಡೆಯಲೆಂದು 1962ರಿಂದ 1971ರವರೆಗೆ ಸುಮಾರು 166 ಕಿಲೋಮೀಟರು ಬಳುಕುವ ಹೊಳೆಯನ್ನು ಸುಮಾರು 90 ಕಿಲೋಮೀಟರಿನ ನೆಟ್ಟನೆಯ ಕಾಲುವೆಯಾಗಿ ಮಾಡಿದರು. ಸುತ್ತಲಿನ ಜೌಗುಭೂಮಿ ಒಣಗಿತು, ಹಕ್ಕಿ ಮೀನುಗಳು ಕಡಿಮೆಯಾದವು. ಕೊನೆಗೆ 1999ರಲ್ಲಿ ಕಾಲುವೆಯ ಒಂದು ಭಾಗವನ್ನು ಮುಚ್ಚಿ ಹಳೆಯ ತಿರುವುಗಳಿಗೆ ನೀರು ತಿರುಗಿಸುವ ಕೆಲಸ ಆರಂಭಿಸಿ 2021ರಲ್ಲಿ ಮುಗಿಸಿದರು. ಅಷ್ಟು ಹಣವಿದ್ದ ದೇಶ ತಿದ್ದಿಕೊಂಡಿತು. ನಮಗೆ ತಪ್ಪು ಮಾಡಿ ತಿದ್ದಿಕೊಳ್ಳುವಷ್ಟು ಹಣವಿಲ್ಲ. ಮೊದಲೇ ಯೋಚಿಸುವುದು ಒಳ್ಳೆಯದು.

ಮಲಪ್ರಭೆ, ತುಂಗಭದ್ರೆ ಹೇಳುವುದೇನು

ಹಳ್ಳವನ್ನು ಅತಿ ಅಗಲ ಮಾಡಿದರೆ ಹೂಳು ಎಂದೆ. ಅತಿ ಕಿರಿದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮಲಪ್ರಭೆ ಸಾಕ್ಷಿ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟು ಆದ ಮೇಲೆ ಕೆಳಗಿನ ನದಿಯಲ್ಲಿ ದೊಡ್ಡ ನೀರು ಬರುವುದು ಅಪರೂಪವಾಯಿತು. ಪಾತ್ರವನ್ನು ತೊಳೆಯುವ ಪ್ರವಾಹ ಇಲ್ಲವಾದಾಗ ರೇವೆ ಕುಳಿತು, ಜಾಲಿ ಬೆಳೆದು ಹೊಳೆ ಸೊರಗಿತು. ನಾವು ರೈತರೂ ಕೈ ಜೋಡಿಸಿದೆವು, ಪಾತ್ರದೊಳಗೇ ಬಿತ್ತಿದೆವು. 2019ರ ಆಗಸ್ಟ್ ತಿಂಗಳಲ್ಲಿ ಜಲಾಶಯ ತುಂಬಿ ಹೆಚ್ಚಿನ ನೀರು ಬಿಟ್ಟಾಗ ಆ ಕಿರಿದಾದ ಪಾತ್ರದಲ್ಲಿ ನೀರು ಹಿಡಿಸಲಿಲ್ಲ. ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ದಂಡೆಯ ಊರುಗಳು ಜಲಾವೃತವಾದವು. ಮಳೆ ದೊಡ್ಡದೇ ಇತ್ತು, ನಿಜ. ಆದರೆ ನದಿಯ ಜಾಗವನ್ನು ನಾವು ಉತ್ತಿದ್ದೂ ನಿಜ.

ಅಗಲದ ತುದಿಯ ಉದಾಹರಣೆ ತುಂಗಭದ್ರಾ ಜಲಾಶಯ. ಜಲಾಶಯವೆಂದರೆ ನದಿ ಒಮ್ಮೆಲೇ ಹತ್ತಾರು ಪಟ್ಟು ಅಗಲವೂ ಆಳವೂ ಆದಂತೆ. ನೀರಿನ ಓಟ ನಿಲ್ಲುತ್ತದೆ. ಉಸುಕು ಹಿನ್ನೀರಿನ ಬಾಯಲ್ಲೇ ಕೂರುತ್ತದೆ, ರೇವೆ ಇನ್ನೂ ಒಳಗೆ ಹೋಗಿ ಕೂರುತ್ತದೆ. 1953ರಲ್ಲಿ ನೀರು ನಿಲ್ಲಿಸಲು ತೊಡಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಅಡಿ. 2016ರ ಅಳತೆಯಲ್ಲಿ ಅದು ಸುಮಾರು 105.8 ಟಿ.ಎಂ.ಸಿ. ಅಡಿಗೆ ಇಳಿದಿತ್ತು. ಸುಮಾರು 27 ಟಿ.ಎಂ.ಸಿ. ಅಡಿ ನೀರಿನ ಜಾಗವನ್ನು ಮಣ್ಣು ಆಕ್ರಮಿಸಿದೆ. ಆ ಮಣ್ಣು ಆಕಾಶದಿಂದ ಬೀಳಲಿಲ್ಲ. ಮೇಲಿನ ಹೊಲಗಳಿಂದ, ಕುಸಿದ ದಂಡೆಗಳಿಂದ, ಸಾವಿರ ಸಣ್ಣ ಹಳ್ಳಗಳ ಮೂಲಕ ಬಂತು. ನಮ್ಮ ಊರ ಹಳ್ಳದ ದಂಡೆ ಕುಸಿದರೆ ಅದರ ಪಾಲು ಯಾವುದೋ ಜಲಾಶಯದ ತಳ ಸೇರಿ, ಯಾವುದೋ ಕೊನೆಯ ಭಾಗದ ರೈತನ ಒಂದು ತಡಿ ನೀರನ್ನು ಕಸಿಯುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಎರಡು ಮೆಟ್ಟಿಲಿನ ಪಾತ್ರವನ್ನು ಕೇಳಿರಿ. ನಡುವೆ ಸಾಧಾರಣ ಮಳೆಯ ನೀರಿಗೆ ತಕ್ಕ ಕಿರಿದಾದ, ಆಳವಾದ ಒಳಹಳ್ಳ. ಅದರ ಎರಡೂ ಬದಿ ಸ್ವಲ್ಪ ಎತ್ತರದಲ್ಲಿ ದೊಡ್ಡ ಪ್ರವಾಹ ಹರಡಿಕೊಂಡು ಹೋಗಲು ಹುಲ್ಲಿನ ಮೆಟ್ಟಿಲು. ಸಣ್ಣ ನೀರು ಒಳಹಳ್ಳದಲ್ಲಿ ಒಟ್ಟಾಗಿ ಓಡಿ ತನ್ನ ಮಣ್ಣನ್ನು ತಾನೇ ಒಯ್ಯುತ್ತದೆ. ದೊಡ್ಡ ನೀರಿಗೂ ಜಾಗ ಸಿಗುತ್ತದೆ. ಮೆಟ್ಟಿಲಿನ ಮೇಲೆ ಕೂರುವ ರೇವೆಯಲ್ಲಿ ಮೇವಿನ ಹುಲ್ಲು ಬೆಳೆಯುತ್ತದೆ. ಹಳೆಯ ಹಳ್ಳಗಳನ್ನು ಗಮನವಿಟ್ಟು ನೋಡಿದರೆ ಅವು ತಾವಾಗಿಯೇ ಈ ಆಕಾರಕ್ಕೆ ಬಂದಿರುವುದು ಕಾಣುತ್ತದೆ.

ಎರಡನೆಯದು, ತಿರುವನ್ನು ಕಡಿಯಬೇಡಿ. ತಿರುವಿನ ಹೊರದಂಡೆಯನ್ನು ಕಾಯಿರಿ. ದಂಡೆಯ ಕಾಲಿಗೆ ಕಲ್ಲು ಜೋಡಿಸಿ, ಮೇಲೆ ಲಾವಂಚ, ಲಕ್ಕಿ, ಬಿದಿರು ನೆಡಬಹುದು. ಸವಳು ಇದ್ದಲ್ಲಿ ಹೊಂಗೆಯೂ ಕರಿಕೆಯೂ ತಾಳುತ್ತವೆ. ದಂಡೆ ಕಡಿದಾಗಿದ್ದರೆ ಮೊದಲು ಅದನ್ನು ಇಳಿಜಾರಾಗಿ ಸವರಬೇಕು. ನೆಟ್ಟಗೆ ನಿಂತ ಎರೆದಂಡೆ ಬೇಸಿಗೆಯಲ್ಲಿ ಬಿರಿದು ಮಳೆಗೆ ಕುಸಿಯುವುದು ಖಂಡಿತ.

ಮೂರನೆಯದು, ಜಾಲಿಯನ್ನು ಪಾತ್ರದ ನಡುವಿನಿಂದ ಬೇರುಸಮೇತ ತೆಗೆಸಿರಿ. ಆದರೆ ದಂಡೆಯನ್ನು ಹಿಡಿದು ನಿಂತ ಗಿಡಗಳನ್ನು, ಅವು ಜಾಲಿಯೇ ಆದರೂ, ಬೇರೆ ಗಿಡ ಬೇರು ಬಿಡುವವರೆಗೆ ಒಮ್ಮೆಲೇ ಕೀಳಬೇಡಿ.

ನಾಲ್ಕನೆಯದು, ಹಳ್ಳದ ಅಂಚಿನವರೆಗೆ ಉಳುವುದನ್ನು ಬಿಡಿ. ದಂಡೆಯಿಂದ ಕೆಲವು ಮೀಟರು ಹುಲ್ಲಿನ ಪಟ್ಟಿ ಉಳಿಸಿರಿ. ಹೊಲದೊಳಗೆ ಚೌಕುಮಡಿ, ಸಮಪಾತಳಿ ಬದು, ಕಲ್ಲಿನ ಕೋಡಿ, ಕೃಷಿ ಹೊಂಡಗಳಿದ್ದರೆ ಮಣ್ಣು ಹಳ್ಳಕ್ಕೆ ಬರುವುದೇ ಕಡಿಮೆಯಾಗುತ್ತದೆ. ಬಂದ ಮಣ್ಣನ್ನು ತೆಗೆಸುವುದಕ್ಕಿಂತ ಬಾರದಂತೆ ತಡೆಯುವುದು ಅಗ್ಗ.

ಐದನೆಯದು, ಪಾತ್ರದಲ್ಲಿ ಮನಸ್ಸಿಗೆ ಬಂದಲ್ಲಿ ಉಸುಕಿನ ಗುಂಡಿ ತೋಡುವುದಕ್ಕೆ ಊರೇ ಅಡ್ಡ ನಿಲ್ಲಬೇಕು. ಆಳವಾದ ಗುಂಡಿ ತಿರುವು ಕಡಿದಷ್ಟೇ ಕೇಡು. ಅದರ ಮೇಲ್ಗಡೆ ತಳ ಕುಸಿಯುತ್ತ ಹೋಗಿ ದಂಡೆ, ಬಾವಿ, ಸೇತುವೆಯ ಕಂಬಗಳನ್ನು ಸಡಿಲಿಸುತ್ತದೆ.

ಆರನೆಯದು, ಅಳೆಯಿರಿ. ಹಳ್ಳದ ಮೂರು ನಾಲ್ಕು ಕಡೆ ಎರಡೂ ದಂಡೆಯ ಮೇಲೆ ಕಲ್ಲು ನೆಟ್ಟು, ನಡುವೆ ಹಗ್ಗ ಎಳೆದು, ಹಗ್ಗದಿಂದ ತಳಕ್ಕೆ ಎಷ್ಟು ಎಂದು ಮೀಟರಿಗೊಮ್ಮೆ ಅಳೆದು ಬರೆದಿಡಿ. ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿ ಮುಗಿದ ಮೇಲೆ ಒಮ್ಮೆ. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ. ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ ಎಲ್ಲಿ ಕೂರುತ್ತಿದೆ, ಎಲ್ಲಿ ಕೊರೆಯುತ್ತಿದೆ ಎಂಬುದು ಇಂಜಿನಿಯರರಿಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ.

ಕೆಲವು ಆಕ್ಷೇಪಣೆಗಳು

"ಇದೆಲ್ಲ ನಿಧಾನದ ಕೆಲಸ, ನಮ್ಮ ಹೊಲದಲ್ಲಿ ನೀರು ಈಗ ನಿಂತಿದೆ" ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಡೋಣಿಯಂತೆ ಪೂರಾ ತುಂಬಿದ ನದಿಯಲ್ಲಿ ಯಂತ್ರವಿಲ್ಲದೆ ಕೆಲಸ ಆಗದು. ನಾನು ಯಂತ್ರ ಬೇಡವೆನ್ನುವುದಿಲ್ಲ. ಯಂತ್ರಕ್ಕೆ ಸರಿಯಾದ ಆಕಾರ ಹೇಳಿಕೊಡಿ ಎನ್ನುತ್ತೇನೆ. ಅದೇ ಯಂತ್ರ, ಅದೇ ಡೀಸೆಲ್ಲು. ಸಪಾಟು ತಳ ತೋಡುವ ಬದಲು ಎರಡು ಮೆಟ್ಟಿಲು ಮಾಡಲಿ.

"ಅಗಲ ಬಿಟ್ಟರೆ ನಮ್ಮ ಭೂಮಿ ಹೋಗುತ್ತದೆ" ಎಂಬುದು ಇನ್ನೊಂದು ಆಕ್ಷೇಪಣೆ. ನಾಲ್ಕು ಎಕರೆಯ ರೈತನಿಗೆ ನಾಲ್ಕು ಗುಂಟೆಯೂ ದೊಡ್ಡದು. ಪಹಣಿಯಲ್ಲಿರುವ ಭೂಮಿಯನ್ನು ಊರಿನ ಹಿತಕ್ಕಾಗಿ ಬಿಡುವವನಿಗೆ ಸರ್ಕಾರ ಪರಿಹಾರ ಕೊಡಬೇಕು. ಇದನ್ನು ನಾವು ಗಟ್ಟಿಯಾಗಿ ಕೇಳಬೇಕು. ಆದರೆ ಪಹಣಿಯಲ್ಲಿ ಇಲ್ಲದ, ಹಳ್ಳದ ಪಾತ್ರವನ್ನೇ ಉತ್ತು ಸೇರಿಸಿಕೊಂಡ ಭೂಮಿಯ ಬಗ್ಗೆ ನಾವು ನಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು. ಆ ಭೂಮಿ ಹಳ್ಳದ್ದು. ಸಾಲ ಕೊಟ್ಟವನಂತೆ ಅದು ಒಂದು ದಿನ ಬಡ್ಡಿಸಮೇತ ವಸೂಲಿಗೆ ಬರುತ್ತದೆ. ಬಂದಾಗ ನಮ್ಮದನ್ನಷ್ಟೇ ಒಯ್ಯುವುದಿಲ್ಲ, ನೆರೆಯವನದನ್ನೂ ಒಯ್ಯುತ್ತದೆ.

ಇಲಾಖೆಗಳಿಗೂ ಒಂದು ಮಾತು ಹೇಳಬೇಕು. ಎಷ್ಟು ಘನಮೀಟರು ಹೂಳು ತೆಗೆದರು ಎಂಬ ಲೆಕ್ಕದ ಮೇಲೆ ಹಣ ಕೊಡುವವರೆಗೆ ಹೂಳು ತೆಗೆಯುವುದೇ ಗುರಿಯಾಗಿರುತ್ತದೆ, ಹೂಳು ಕೂರದಂತೆ ಮಾಡುವುದಲ್ಲ. ಮೂರು ಮಳೆಗಾಲದ ನಂತರ ಪಾತ್ರ ಹೇಗಿದೆ ಎಂದು ಅಳೆದು ನೋಡುವ ನಿಯಮವಿದ್ದರೆ ಕೆಲಸದ ರೀತಿಯೇ ಬದಲಾಗುತ್ತದೆ.

ರೈತ ಬಾಂಧವರೇ, ಮುಂದಿನ ಗ್ರಾಮಸಭೆಯಲ್ಲಿ ಹಳ್ಳದ ವಿಷಯ ಬಂದಾಗ, ಅರ್ಜಿಗೆ ಸಹಿ ಹಾಕುವ ಮೊದಲು ಒಂದು ದಿನ ಮೇಲ್ಗಡೆಯವರನ್ನೂ ಕೆಳಗಡೆಯವರನ್ನೂ ಕರೆದುಕೊಂಡು ಹಳ್ಳದ ಉದ್ದಕ್ಕೂ ನಡೆದು ಬನ್ನಿ. ಎಲ್ಲಿ ಮಡುವಿದೆ, ಎಲ್ಲಿ ದಿಬ್ಬವಿದೆ, ಎಲ್ಲಿ ದಂಡೆ ಬಿರಿದಿದೆ ಎಂದು ಕಣ್ಣಾರೆ ನೋಡಿರಿ. ಆಮೇಲೆ ಅರ್ಜಿಯಲ್ಲಿ "ಹೂಳೆತ್ತಿಸಿ, ನೆಟ್ಟಗೆ ಮಾಡಿಸಿ" ಎಂಬ ಒಂದೇ ಸಾಲು ಬರೆಯದೆ, ಎಷ್ಟು ಅಗಲ, ಎಷ್ಟು ಆಳ, ಯಾವ ತಿರುವಿಗೆ ಯಾವ ಕಾವಲು ಎಂದು ಬರೆಯಿರಿ. ನಮ್ಮ ಮನೆಯಲ್ಲಿ ಆ ದಿನ ಯಾರೂ ಹಾಗೆ ಹಳ್ಳದ ಉದ್ದಕ್ಕೂ ನಡೆಯಲಿಲ್ಲ. ನಡೆದಿದ್ದರೆ ಕಾಕಾ ಅವರ ಬನ್ನಿಮರದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದೆವು, ಅವರನ್ನೊಂದು ಮಾತು ಕೇಳುತ್ತಿದ್ದೆವು.